ಸಡಿಲವಿರಬೇಕಾದ ಎಳೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಮೂರು ಸಲ ಕತ್ತರಿಸಿದೆ. ಮೂರು ಸಲವೂ ತುದಿ ಓರೆ. ಗಾಜಿನ ಎಳೆ ಸಿಟ್ಟಿನ ಕೈಗೆ ಒಗ್ಗುವುದಿಲ್ಲ. ನಾಲ್ಕನೆಯದನ್ನು ಸೂಜಿಯಣ್ಣ ಕೈಯಿಂದ ಕಿತ್ತುಕೊಂಡರು.

"ತಾಯಿ, ಇದು ಕರಪತ್ರ ಹಂಚೋ ಕೆಲ್ಸ ಅಲ್ಲ. ಮೊದ್ಲು ಉಸಿರು ಹಿಡಿ, ಆಮೇಲೆ ಕೈ ಆಡ್ಸು."

ಒಂದೇ ಏಟು. ತುದಿ ಕನ್ನಡಿಯ ಹಾಗೆ ಸಪಾಟು. ಇಪ್ಪತ್ತೆರಡು ವರ್ಷದಿಂದ ಈ ಲ್ಯಾಬಿನಲ್ಲಿ ಎಳೆಗೆ ಎಳೆ ಬೆಸೆಯುತ್ತಿರುವ ಟೆಕ್ನೀಷಿಯನ್. ಆ ಕೈಯಿಂದಲೇ ಆ ಹೆಸರು. ಡಿಗ್ರಿ ಇಲ್ಲ, ಆದ್ದರಿಂದ ಯಾವ ಪೇಪರಿನಲ್ಲೂ ಅವರ ಹೆಸರಿಲ್ಲ. ಯಾಕಿಲ್ಲ ಎಂದು ನನ್ನ ಗೈಡ್, ಪ್ರೊಫೆಸರ್ ಮೇಡಂ ಹತ್ತಿರ ಕೇಳಿದ್ದೆ. "ಕೊನೇಲಿ ಥ್ಯಾಂಕ್ಸ್ ಹೇಳ್ತೀವಲ್ಲಮ್ಮ" ಎಂದರು. ಥ್ಯಾಂಕ್ಸ್!

ಬಸ್ ವರ್ಕ್‌ಶಾಪಿನ ವಾರದ ಡೇಟಾ ಬಂದಿದೆ. ಅಲ್ಲಿಯ ಕ್ರೇನಿನ ಗರ್ಡರಿಗೆ, ಅಂದರೆ ಭಾರ ಹೊರುವ ಉಕ್ಕಿನ ತೊಲೆಗೆ, ನಾವು ಎಳೆ ಕೂರಿಸಿ ಎಂಟು ವಾರ. ಐದು ಜಾಗ, ಜಾಗಕ್ಕೆ ಎರಡೆರಡು ಎಳೆ. ಒಂದನ್ನು ಉಕ್ಕಿಗೆ ಗಟ್ಟಿಯಾಗಿ ಅಂಟಿಸಿದೆ. ಗರ್ಡರ್ ಹಿಗ್ಗಿದರೆ ಅದೂ ಹಿಗ್ಗುತ್ತದೆ, ಅದರೊಳಗಿಂದ ತಿರುಗಿ ಬರುವ ಲೇಸರ್ ಬೆಳಕಿನ ಬಣ್ಣ ಒಂದು ಚೂರು ಸರಿಯುತ್ತದೆ. ತೊಂದರೆ ಏನೆಂದರೆ ಬಿಸಿಗೂ ಅದು ಹಾಗೆಯೇ ಸರಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಎಳೆ, ಸಣ್ಣ ನಳಿಗೆಯೊಳಗೆ ಸಡಿಲವಾಗಿ. ಅದಕ್ಕೆ ಭಾರ ಗೊತ್ತಾಗುವುದಿಲ್ಲ, ಬಿಸಿ ಮಾತ್ರ ಗೊತ್ತಾಗುತ್ತದೆ. ಅಂಟಿದ್ದರಿಂದ ಸಡಿಲದ್ದನ್ನು ಕಳೆದರೆ ಉಳಿಯುವುದು ಗರ್ಡರಿನ ನಿಜವಾದ ಕಷ್ಟ. ಈ ಲೆಕ್ಕ ನನಗೆ ಇಷ್ಟ. ಯಾರ ಬಾಯಿಮಾತನ್ನೂ ನಂಬಬೇಕಿಲ್ಲ.

ಮೂರನೆಯ ಜಾಗ, ಅಂದರೆ ನಟ್ಟನಡುವಿನದು, ಪೂರ್ತಿ ನನ್ನ ಕೈಕೆಲಸ. ಸೂಜಿಯಣ್ಣನಿಗೆ ಮಂಡಿ ನೋವು, ಆ ದಿನ ಏಣಿ ಹತ್ತಲಿಲ್ಲ. ಅದರ ಕೆಳಗೇ ಅಕ್ಕನ ಗಂಡ, ನನ್ನ ಭಾವ, ಕೆಲಸ ಮಾಡುವುದು.

ಕಳೆದ ಮೇಲೆ ಗ್ರಾಫಿನಲ್ಲಿ ಐದೂ ಗೆರೆ ನೆಟ್ಟಗಿವೆ. ಮೇಡಂ ಮುಖದಲ್ಲಿ ನಗು.

ಮಾರ್ಚ್ 4, ಮಂಗಳವಾರ. ಸಂಜೆ 7.30

ಊಟಕ್ಕೆ ಕೂತಾಗ ಭಾವ ಹೇಳಿದರು, ಮಾಮೂಲಿ ಮಾತಿನ ಹಾಗೆ. "ನಿಮ್ಮ ಗಾಜಿನ ದಾರ ಏನಂತದಮ್ಮಾ ಸೈಂಟಿಸ್ಟು? ನಮ್ಮ ಕ್ರೇನು ಇತ್ತೀಚೆಗೆ ಟಿಕ್ ಅಂತದೆ."

"ಯಾವಾಗ?"

"ಭಾರ ಎತ್ತೋವಾಗ. ಎಲ್ಲಾ ಸಲ ಅಲ್ಲ. ಬೆರಳು ನೆಟಿಕೆ ತೆಗ್ದಂಗೆ."

ಅಕ್ಕ ಸೌಟು ಕೆಳಗಿಟ್ಟಳು. "ಮ್ಯಾನೇಜರ್‌ಗೆ ಹೇಳಿದ್ರಾ?"

"ಹೇಳ್ದೆ. ವಯಸ್ಸಾದ್ರೆ ಎಲ್ಲರ ಮೂಳೇನೂ ಟಿಕ್ ಅಂತದೆ ಅಂದ. ಯೂನಿವರ್ಸಿಟಿಯೋರ ಗ್ರಾಫ್ ತೋರ್ಸ್ದ. ನೆಟ್ಟಗೈತಲ್ಲ ಅಂದ."

ಇಷ್ಟು ದಿನ ಎತ್ತುತ್ತಿದ್ದದ್ದು ಐದು ಟನ್. ಹೊಸ ಉದ್ದನೆಯ ಬಸ್ಸುಗಳು ಬರುತ್ತವೆ, ಅವಕ್ಕೆ ಎಂಟು ಟನ್ ಬೇಕು. ನಮ್ಮ ವರದಿ ಸರಿ ಎಂದರೆ ಇಪ್ಪತ್ತೊಂದಕ್ಕೆ ಟೆಸ್ಟ್, ಆಮೇಲೆ ದಿನಾ ಎಂಟು. ಭಾರಕ್ಕೆ ಸರಪಳಿ ಬಿಗಿಯುವುದು ಭಾವನ ಕೆಲಸ. ಭಾರ ನೆಲ ಬಿಡುವವರೆಗೂ ಒಂದು ಕೈ ಅದರ ಮೇಲೆ.

ಶೂ ಡಬ್ಬಿಯಿಂದ, ಹಿಂದೆ ಕರಪತ್ರಗಳ ಜೊತೆ ಹಂಚುತ್ತಿದ್ದ ಕಾರ್ಮಿಕ ಹೋರಾಟದ ಹಳದಿ ರಟ್ಟಿನ ಪುಸ್ತಿಕೆ ತೆಗೆದು ಮತ್ತೆ ಓದಿದೆ. ಅಡಿಗೆರೆ ಹಾಕಿದ ಸಾಲು: ಅಪಘಾತ ಎಂಬುದು ಯಾರೋ ಮೊದಲೇ ಸಹಿ ಹಾಕಿದ ಕಾಗದ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ 3

ಮೇಡಂ ರೂಮಿನಿಂದ ಬಂದ ಕೂಡಲೇ ಬರೆಯುತ್ತಿದ್ದೇನೆ.

ಕಳೆಯುವ ಮುಂಚಿನ ಅಂಕಿಗಳನ್ನು ತೆಗೆದು ನೋಡಿದೆ. ಇದುವರೆಗೆ ಯಾಕೆ ನೋಡಿರಲಿಲ್ಲವೋ! ನಾಲ್ಕು ಜಾಗ ಸುಮ್ಮನಿವೆ. ಮೂರನೆಯ ಜಾಗದಲ್ಲಿ ಅಂಟಿಸಿದ ಎಳೆ ವಾರದಿಂದ ವಾರಕ್ಕೆ ಮೇಲಕ್ಕೆ ಹೋಗುತ್ತಿದೆ. ನಿಧಾನ, ಆದರೆ ಒಂದು ವಾರವೂ ತಪ್ಪಿಸದೆ. ಪ್ರಿಂಟ್ ತೆಗೆದುಕೊಂಡು ನೇರ ಮೇಡಂ ರೂಮಿಗೆ ಹೋದೆ. ಬಾಗಿಲು ಬಡಿದೆನೋ ಇಲ್ಲವೋ ನೆನಪಿಲ್ಲ.

"ಇದನ್ನ ಯಾಕೆ ಮುಚ್ಚಿಟ್ರಿ ಮೇಡಂ?"

ಮೇಡಂ ಕನ್ನಡಕ ಹಣೆಗೇರಿಸಿ ನೋಡಿದರು. "ಮೊದ್ಲು ಕೂತ್ಕೋ."

"ಕೂರಲ್ಲ."

"ನಿಂತ್ಕೊಂಡೇ ನೋಡು ಹಾಗಾದ್ರೆ. ಪಕ್ಕದ ಸಡಿಲ ಎಳೆ ನೋಡಿದ್ಯಾ? ಅದೂ ಅಷ್ಟೇ ಏರಿದೆ. ಅಂದ್ರೆ ಏನು? ಬಿಸಿ. ಮೂರನೇ ಜಾಗದ ಕೆಳಗೆ ಅವರ ಪೇಂಟ್ ಒಣಗಿಸೋ ಒಲೆ ಇದೆ. ಬೇಸಿಗೆ ಬೇರೆ. ಕಳೆದ್ರೆ ಸೊನ್ನೆ."

"ಕಳೆದ್ರೆ ಎಲ್ಲಾನೂ ಸೊನ್ನೆ ಮಾಡ್ಬಹುದು."

"ಸೊನ್ನೆ ನಾನು ಮಾಡಿದ್ದಲ್ಲಮ್ಮ, ಅಳತೆ ಮಾಡಿದ್ದು. ನಿನಗೆ ಇಷ್ಟ ಇಲ್ದಿರೋ ಉತ್ತರ ಬಂದ ತಕ್ಷಣ ಅದು ಮೋಸ ಆಗಲ್ಲ."

ಟಿಕ್ ಶಬ್ದದ ವಿಷಯ ಹೇಳಿದೆ. ಕೇಳಿಸಿಕೊಂಡರು. ಶಬ್ದಕ್ಕೆ ನೂರು ಕಾರಣ ಇರುತ್ತವಂತೆ, ಬೋಲ್ಟು, ಹಳಿ, ಚಕ್ರ. ಹೌದು, ಇರುತ್ತವೆ! ವರ್ಕ್‌ಶಾಪ್ ಒಪ್ಪಿದರೆ ಮುಂದಿನ ಪ್ರಾಜೆಕ್ಟ್ ನಮಗೆ ಎಂಬುದೂ ಒಂದು ಕಾರಣ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟೆ.

ಮೇಡಂ ಮುಖ ಬಿಳಿಚಿತು. "ಹೊರಗೆ ಹೋಗು" ಎಂದರು, ತಣ್ಣಗೆ.

ಮಾರ್ಚ್ 8, ಶನಿವಾರ. ಸಂಜೆ 5

ಬರೆದೆ. ಒಂದೇ ಗಂಟೆಯಲ್ಲಿ ಇಡೀ ಕರಪತ್ರ, ಒಂದು ಕಾಟೂ ಇಲ್ಲದೆ. ತಲೆಬರಹ: ಗರ್ಡರ್ ಅಳುತ್ತಿದೆ, ಗ್ರಾಫ್ ನಗುತ್ತಿದೆ. ಕೆಳಗೆ ಕಳೆಯುವ ಮುಂಚಿನ ಅಂಕಿಗಳು, ವಾರವಾರು. ಕೊನೆಗೆ: ಯೂನಿವರ್ಸಿಟಿಯ ಪ್ರೊಫೆಸರ್ ನಿಮ್ಮ ತಲೆಯ ಮೇಲಿನ ಅಪಾಯವನ್ನು ತಿಳಿದೂ ಮುಚ್ಚಿಟ್ಟಿದ್ದಾರೆ. ಅವರನ್ನು ಕೇಳಿ: ಒಮ್ಮೆ ಬಂದು ಕ್ರೇನಿನ ಕೆಳಗೆ ನಿಲ್ಲುತ್ತೀರಾ?

ತಿಳಿದೂ ಎಂಬ ಪದದ ಹತ್ತಿರ ಪೆನ್ನು ಒಂದು ಕ್ಷಣ ನಿಂತಿತ್ತು. ತೆಗೆದರೆ ಇಡೀ ಸಾಲಿನ ಬೆನ್ನುಮೂಳೆ ಹೋಗುತ್ತದೆ. ಬಿಟ್ಟೆ.

ಇನ್ನೂರು ಪ್ರತಿ. ಶಿಫ್ಟ್ ಬದಲಾಗುವಾಗ ಗೇಟಿನ ಹತ್ತಿರ ನಿಂತು ಹಂಚಿದೆ. ಭಾವ ಒಂದು ತೆಗೆದುಕೊಂಡು, ಮಡಚಿ ಜೇಬಿಗೆ ಹಾಕಿ, ಗುರುತಿಲ್ಲದವರ ಹಾಗೆ ಹೋದರು.

ಮಾರ್ಚ್ 12, ಬುಧವಾರ. ಸಂಜೆ 6

ನಾಲ್ಕು ದಿನ ಬರೆಯಲು ಬಿಡುವೇ ಆಗಲಿಲ್ಲ.

ಯೂನಿಯನ್ ಟೆಸ್ಟ್ ಬೇಡ ಎಂದಿದೆ. ಮ್ಯಾನೇಜರ್ ಕುಲಪತಿಗಳಿಗೆ ಬರೆದಿದ್ದಾನೆ. ಮೇಡಂಗೆ ನೋಟಿಸ್: ಹದಿನೈದು ದಿನದಲ್ಲಿ ಉತ್ತರ ಕೊಡಿ. ನನಗೆ ಯಾವ ನೋಟಿಸೂ ಇಲ್ಲ. ಕರಪತ್ರದಲ್ಲಿ ನನ್ನ ಹೆಸರಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತು. ಮೇಡಂ ನನ್ನ ಹೆಸರನ್ನು ಎಲ್ಲೂ ಹೇಳಿಲ್ಲವಂತೆ. ಅದು ಯಾಕೋ ಚುಚ್ಚುತ್ತದೆ.

ಲ್ಯಾಬಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಸೂಜಿಯಣ್ಣ ಮಾತ್ರ ಎಂದಿನಂತೆ ಟೀ ಲೋಟ ತಂದಿಟ್ಟರು. ನಾನೇ ಕೇಳಿದೆ.

"ನೀವೂ ನನ್ನ ತಪ್ಪು ಅಂತೀರಾ ಅಣ್ಣ?"

"ನಾನು ಏನೂ ಅನ್ನಲ್ಲ. ಹನ್ನೆರಡು ವರ್ಷ ಆ ಯಮ್ಮನ ಜೊತೆ ಕೆಲ್ಸ ಮಾಡಿದೀನಿ. ಒಂದ್ಸಲ ಅಂಕಿ ತಿದ್ದು ಅಂತ ಮೇಲಿಂದ ಹೇಳಿದ್ರು. ರಾಜೀನಾಮೆ ಬರ್ದು ಟೇಬಲ್ ಮೇಲಿಟ್ಳು." ಲೋಟ ಎತ್ತಿಕೊಂಡರು. "ಅದು ಕರಪತ್ರದಲ್ಲಿ ಬರ್ಲಿಲ್ಲ, ಬಿಡು."

ಒಬ್ಬರು ಒಮ್ಮೆ ನೆಟ್ಟಗಿದ್ದರೆ ಸಾಯುವವರೆಗೂ ನೆಟ್ಟಗಿರುತ್ತಾರೆ ಎಂದೇನೂ ಇಲ್ಲ... ಎಂದು ಹೇಳಿಕೊಂಡೆ.

ಮಾರ್ಚ್ 17, ಸೋಮವಾರ. ಸಂಜೆ 5.15

ವರ್ಕ್‌ಶಾಪಿನ ಕ್ಯಾಂಟೀನಿನಲ್ಲಿ ಸಭೆ. ಮೇಡಂ ಒಬ್ಬರೇ ಬಂದಿದ್ದರು, ಕೈಯಲ್ಲಿ ಒಂದು ಚೀಲ. ನೂರೈವತ್ತು ಜನ ಎಣ್ಣೆ ಬಟ್ಟೆಯಲ್ಲೇ ಕೂತಿದ್ದರು. ನಾನು ಹಿಂದೆ, ಕಂಬದ ಪಕ್ಕ.

ಚೀಲದಿಂದ ಎರಡು ಎಳೆ ತೆಗೆದರು. ಒಂದನ್ನು ಉಕ್ಕಿನ ಪಟ್ಟಿಗೆ ಅಂಟಿಸಿತ್ತು, ಒಂದು ಸಡಿಲ. ಬಿಸಿನೀರಿನ ಲೋಟ ಹತ್ತಿರ ತಂದರೆ ಪುಟ್ಟ ಪರದೆಯಲ್ಲಿ ಎರಡರ ಗೆರೆಗಳೂ ಏರಿದವು. ಪಟ್ಟಿ ಬಗ್ಗಿಸಿದರೆ ಒಂದು ಮಾತ್ರ. ಐದು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಯಿತು. ನನಗೆ ಎರಡು ವರ್ಷ ಕಲಿಸಿದ್ದೂ ಹೀಗೆಯೇ.

ಹಿಂದಿನಿಂದ ಯಾರೋ ಕೂಗಿದರು. "ಅದೆಲ್ಲಾ ಸರಿ ಅಮ್ಮಾವ್ರೇ. ನಿಂತ್ಕೊತೀರಾ ಕೆಳಗೆ?"

ನನ್ನ ಸಾಲು. ನನ್ನದೇ.

ಮೇಡಂ ಲೋಟ ಮುಚ್ಚಿದರು. "ನಿಂತ್ಕೊತೀನಿ. ಶುಕ್ರವಾರ ಹನ್ನೊಂದಕ್ಕೆ. ಮೂರನೇ ಜಾಗದ ಕೆಳಗೆ. ಎಂಟು ಟನ್ ಇಳಿಯೋವರೆಗೂ ಅಲ್ಲೇ ಇರ್ತೀನಿ."

ಚಪ್ಪಾಳೆ. ಯೂನಿಯನ್ ಕೂಡ ಒಪ್ಪಿತು. ಭಾವ ಎದ್ದು ನಿಂತರು. "ಅಮ್ಮಾವ್ರು ನಿಂತ್ರೆ ಸರಪಳಿ ನಾನೇ ಹಾಕ್ತೀನಿ."

ಬಸ್ಸಿನಲ್ಲಿ ಭಾವನ ಹತ್ತಿರ ಜಗಳವಾಡಿದೆ. "ಟಿಕ್ ಅನ್ನೋದು ಕೇಳಿದೋರು ನೀವೇ ಅಲ್ವಾ?"

"ಕೇಳ್ದೆ. ಆದ್ರೆ ಆಕೆ ತಲೆ ಒಡ್ಡಿ ನಿಲ್ತಾ ಅವ್ರೆ. ನಾನು ದೂರ ನಿಂತು ನೋಡಕ್ಕಾಗ್ತದಾ? ಆ ಕಾಗದ ಬರ್ದೋಳು ನೀನು, ಈಗ ನೀನೇ ನಡುಗ್ತಿದೀಯ."

ಮಾರ್ಚ್ 20, ಗುರುವಾರ. ಸಂಜೆ 4.40

ಮೇಡಂ ಸುಳ್ಳನ್ನು ಹಿಡಿಯಲೇಬೇಕೆಂದು ಕೂತಿದ್ದೆ. ಇದುವರೆಗೆ ಎಲ್ಲರೂ ನೋಡಿದ್ದು ದಿನದ ಸರಾಸರಿ. ಇವತ್ತು ಸೆಕೆಂಡು ಸೆಕೆಂಡಿನ ಅಂಕಿ ತೆಗೆದೆ. ಕ್ರೇನ್ ಭಾರ ಎತ್ತಿದಾಗ ಐದೂ ಜಾಗದ ಅಂಟಿಸಿದ ಎಳೆಗಳು ಜಿಗಿಯುತ್ತವೆ. ಸರಿ. ನಾಲ್ಕು ಸಡಿಲ ಎಳೆಗಳು ಅಲುಗುವುದಿಲ್ಲ. ಸರಿ.

ಮೂರನೆಯ ಜಾಗದ ಸಡಿಲ ಎಳೆ ಜಿಗಿಯುತ್ತದೆ.

ಭಾರ ಎತ್ತಿದ ಕೂಡಲೇ ಮೇಲೆ, ಇಳಿಸಿದ ಕೂಡಲೇ ಕೆಳಗೆ. ನಲವತ್ತು ಸೆಕೆಂಡಿನಲ್ಲಿ ಬಂದು ಹೋಗುವ ಬಿಸಿ ಯಾವುದು? ಅಂಥ ಬಿಸಿ ಇಲ್ಲ. ಆ ಎಳೆಗೆ ಭಾರ ಗೊತ್ತಾಗುತ್ತಿದೆ. ಅದು ಸಡಿಲವಿಲ್ಲ.

ಹತ್ತು ವಾರ ನಾವು ಭಾರದಿಂದ ಭಾರವನ್ನು ಕಳೆದು ಸೊನ್ನೆ ಬರೆದಿದ್ದೇವೆ.

ಲ್ಯಾಬ್ ಪುಸ್ತಕ ತೆಗೆದೆ. ಜನವರಿ ಆರು. ಮೂರನೆಯ ಜಾಗ: ಸಡಿಲ, ಸರಿ ಇದೆ. ನನ್ನ ಅಕ್ಷರ. ಏಣಿ ಹತ್ತುವ ಮೊದಲೇ ಬರೆದಿಟ್ಟ ಸಾಲು. ಹತ್ತಿದ ಮೇಲೆ... ಕ್ರೇನ್ ಓಡಾಡಿದಾಗಲೆಲ್ಲ ನಳಿಗೆಯೊಳಗೆ ಎಳೆ ಕಟಕಟ ಅನ್ನುತ್ತಿತ್ತು. ಹೀಗೆ ಬಡಿದುಕೊಂಡರೆ ವಾರದಲ್ಲಿ ತುಂಡಾಗುತ್ತದೆ ಎನ್ನಿಸಿತು. ಉಳಿದಿದ್ದ ಅಂಟನ್ನು ನಳಿಗೆಯೊಳಗೆ ತುಂಬಿದೆ, ಗಟ್ಟಿಯಾಗಿ ಕೂರಲಿ ಎಂದು. ಕೆಲಸ ಅಚ್ಚುಕಟ್ಟಾಯಿತು ಎಂದು ಖುಷಿಪಟ್ಟೆ. ಕೆಳಗಿನಿಂದ ಸೂಜಿಯಣ್ಣ "ಎಲ್ಲಾ ಆಯ್ತಾ ತಾಯಿ?" ಎಂದಿದ್ದರು. "ಫಸ್ಟ್ ಕ್ಲಾಸ್" ಎಂದಿದ್ದೆ.

ಮೇಡಂ ಸುಳ್ಳು ಹೇಳಿಲ್ಲ. ಅವರ ಕೈಗೆ ಸುಳ್ಳು ಕೊಟ್ಟವಳು ನಾನು.

ನಾಳೆ ಹನ್ನೊಂದಕ್ಕೆ ಅವರು ಆ ಸುಳ್ಳಿನ ಕೆಳಗೆ ನಿಲ್ಲುತ್ತಾರೆ. ಭಾವನೂ.

ಸಂಜೆ 6.30

6.10ಕ್ಕೆ ಫೋನ್ ಮಾಡಿದೆ. ಮೂರನೇ ರಿಂಗಿಗೆ ಎತ್ತಿದರು.

"ಹೇಳಮ್ಮ." ಹದಿಮೂರು ದಿನದ ಮೇಲೆ ನನ್ನ ಹತ್ತಿರ ಮೊದಲ ಮಾತು. ದನಿಯಲ್ಲಿ ಸಿಟ್ಟೇ ಇಲ್ಲ.

"ನಾಳೆ... ಎಷ್ಟು ಗಂಟೆಗೆ ಮೇಡಂ?"

"ಹನ್ನೊಂದಕ್ಕೆ. ಬರ್ತೀಯಾ?"

"ನೋಡ್ತೀನಿ."

"ಬಾ. ನಿನ್ನ ಜಾಗ ತಾನೆ ಅದು. ಮೂರನೇದು."

ಇಟ್ಟರು. ಅಥವಾ ನಾನು ಇಟ್ಟೆನೋ.

ಬೆಳಿಗ್ಗೆ ಹೇಳುತ್ತೇನೆ. ಬೆಳಿಗ್ಗೆ ಇನ್ನೊಮ್ಮೆ ಅಂಕಿ ನೋಡಿ, ಪಕ್ಕಾ ಮಾಡಿಕೊಂಡು. ಅವಸರಪಟ್ಟು ಒಂದು ಕಾಗದ ಬರೆದದ್ದು ಸಾಲದೆ?

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 7

ಭಾವ ಬೂಟಿನ ದಾರ ಕಟ್ಟುತ್ತಿದ್ದರು. ಪಕ್ಕದಲ್ಲೇ ನಿಂತಿದ್ದೆ. ಅಕ್ಕ ಬುತ್ತಿ ಕೊಟ್ಟು ಹೇಳಿದಳು, "ಹುಷಾರು ಕಣ್ರೀ."

"ಯೂನಿವರ್ಸಿಟಿನೇ ಪಕ್ಕದಲ್ಲಿ ನಿಂತಿರ್ತದೆ, ಇನ್ನೇನು ಹುಷಾರು?" ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ರಾಜಿಯ ನಗು. ಹೋದರು.

ಬಾಯಿ ತೆರೆದಿದ್ದೆ. ನಿಜ, ತೆರೆದಿದ್ದೆ. ಮತ್ತೆ ಮುಚ್ಚಿಕೊಂಡೆ. ಭಾವನಿಗೆ ಹೇಳಿದರೆ ಇನ್ನೂರು ಜನಕ್ಕೆ ಹೇಳಿದ ಹಾಗೆ. ಮೊದಲು ಮೇಡಂಗೆ ಹೇಳಬೇಕು, ಲ್ಯಾಬಿನಲ್ಲಿ, ಬಾಗಿಲು ಹಾಕಿಕೊಂಡು. ಒಂಬತ್ತಕ್ಕೆ ಬಂದೇ ಬರುತ್ತಾರೆ.

9.50

ಲ್ಯಾಬಿಗೆ ಮೇಡಂ ಬರಲೇ ಇಲ್ಲ. ಯಂತ್ರ ತೆಗೆದುಕೊಂಡು ಸೂಜಿಯಣ್ಣನ ಜೊತೆ ನೇರ ವರ್ಕ್‌ಶಾಪಿಗೆ ಹೋದರಂತೆ, ಎಂಟಕ್ಕೇ. ಫೋನ್ ಆಫ್. ಅಳತೆ ಇರುವ ದಿನ ಯಾವಾಗಲೂ ಆಫ್. ಅದು ನನಗೆ ಗೊತ್ತಿತ್ತು. ನಿನ್ನೆ ಸಂಜೆಯೂ ಗೊತ್ತಿತ್ತು.

ಭಾವನ ಫೋನ್ ಕೆಲಸದ ಹೊತ್ತಿನಲ್ಲಿ ಕಪಾಟಿನಲ್ಲಿರುತ್ತದೆ. ಸೂಜಿಯಣ್ಣ ಫೋನೇ ಇಟ್ಟುಕೊಂಡಿಲ್ಲ. ಮ್ಯಾನೇಜರ್ ಎತ್ತಿದ, "ಓಹೋ, ಕರಪತ್ರದವರಾ" ಎಂದ, ಕಟ್ ಮಾಡಿದ.

10.35, ಬಸ್ಸಿನಲ್ಲಿ

ಸಿಗ್ನಲ್. ಅಕ್ಷರ ಕುಣಿಯುತ್ತಿವೆ. ಇನ್ನು ನಾಲ್ಕು ಸ್ಟಾಪ್. ಐದು ಟನ್‌ನಿಂದ ಶುರುಮಾಡುತ್ತಾರೆ. ಆಮೇಲೆ ಒಂದೊಂದೇ ತೂಕದ ಬಿಲ್ಲೆ... ಡ್ರೈವರ್ ಯಾರಿಗೋ ದಾರಿ ಹೇಳುತ್ತಾ ನಿಲ್ಲಿಸಿಕೊಂಡಿದ್ದಾನೆ. ಇಳಿದು ಓಡುತ್ತೇನೆ

ಮಧ್ಯಾಹ್ನ 2.15

ಬದುಕಿದ್ದಾರೆ. ಮೊದಲು ಅದನ್ನು ಬರೆಯುತ್ತೇನೆ. ಎಲ್ಲರೂ ಬದುಕಿದ್ದಾರೆ.

ಗೇಟಿನವನು ತಡೆದ, ನುಗ್ಗಿದೆ. ಒಳಗೆ ಎಲ್ಲರೂ ಹಳದಿ ಗೆರೆಯ ಆಚೆ. ಗೆರೆಯ ಒಳಗೆ ಇಬ್ಬರೇ. ಏಳು ಟನ್ ಎದೆಯೆತ್ತರದಲ್ಲಿ ತೂಗುತ್ತಿತ್ತು. ಭಾವನ ಕೈ ಸರಪಳಿಯ ಮೇಲೆ. ಮೇಡಂ ಪಕ್ಕದಲ್ಲಿ, ಕೈಕಟ್ಟಿಕೊಂಡು, ಮೇಲೆ ಕೂಡ ನೋಡದೆ. ಪರದೆಯ ಮೇಲೆ ಮೂರನೆಯ ಗೆರೆ ನೆಟ್ಟಗೆ, ಸತ್ತವರ ಹಾಗೆ.

ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ. ಮೂರನೇ ನಳಿಗೆ, ಅಂಟು, ಅಂಟು ಎಂದು ಕೂಗಿದೆನಂತೆ.

ಮ್ಯಾನೇಜರ್ "ಆಚೆ ಹಾಕ್ರೋ ಇವಳನ್ನ" ಎಂದ. ಯೂನಿಯನ್‌ನವನೇ ನನ್ನ ತೋಳು ಹಿಡಿದ. ಆಗ ಮೇಡಂ ಕೈ ಎತ್ತಿದರು. ಬೈಯಲಿಲ್ಲ. ಒಂದೇ ಪ್ರಶ್ನೆ.

"ಎಷ್ಟು ಉದ್ದಕ್ಕೆ ಹಾಕಿದೀಯ?"

"ನಳಿಗೆ ಪೂರ್ತಿ ಮೇಡಂ."

ಅವರ ಕಣ್ಣೊಳಗೆ ಹತ್ತು ವಾರದ ಲೆಕ್ಕ ತಿರುಗಿ ಬಿದ್ದದ್ದು ಕಂಡಿತು. ಆಮೇಲೆ ಕ್ರೇನ್ ಆಪರೇಟರ್ ಕಡೆ ತಿರುಗಿ, "ಇಳ್ಸಿ. ನಿಧಾನ. ತಟ್ಟನೆ ನಿಲ್ಲಿಸ್ಬೇಡಿ." ಭಾವನಿಗೆ, "ನೀವು ಹೊರಗೆ ಹೋಗಿ." ಭಾವ ಹೋಗಲಿಲ್ಲ. ಭಾರ ನೆಲ ಮುಟ್ಟುವ ಮೊದಲು ಟಿಕ್ ಎಂದಿತು. ಈ ಸಲ ಎಲ್ಲರಿಗೂ ಕೇಳಿಸಿತು.

ಸೂಜಿಯಣ್ಣ ಮಂಡಿ ಹಿಡಿದುಕೊಂಡೇ ಏಣಿ ಹತ್ತಿದರು. ಬಿಸಿಗಾಳಿ ಬಿಟ್ಟು ಅಂಟು ಮೆದುವಾಗಿಸಿ ಎಳೆ ಬಿಡಿಸಿದರು. ಅರ್ಧ ಗಂಟೆ ಹಿಡಿಯಿತು. ಎಲ್ಲರನ್ನೂ ಹೊರಗೆ ಕಳಿಸಿ, ಬರೀ ಒಂದು ಟನ್ ಎತ್ತಿದರು. ಮೂರನೆಯ ಗೆರೆ ಪರದೆಯ ತಲೆ ಮುಟ್ಟಿತು. ಬಣ್ಣ ಕೆರೆದು ನೋಡಿದರೆ ಬೆಸುಗೆಯ ಗುಂಟ ಬಿರುಕು, ಒಂದು ಗೇಣು.

ಕ್ರೇನಿಗೆ ಬೀಗ.

ಭಾವ ನನ್ನ ಹತ್ತಿರ ಬಂದು ತಲೆಯ ಮೇಲೊಮ್ಮೆ ಕೈಯಿಟ್ಟು ಹೋದರು. ಕೂದಲಿಗೆ ಗ್ರೀಸ್ ಅಂಟಿದೆ. ತೊಳೆದಿಲ್ಲ.

ಮಾರ್ಚ್ 22, ಶನಿವಾರ. ಬೆಳಿಗ್ಗೆ 10

ಮೇಡಂ ಕರೆಸಿದ್ದರು. ಈ ಸಲ ಕೂತೆ.

"ವರದಿಗೆ ಸಹಿ ಹಾಕಿದ್ದು ನಾನು" ಎಂದರು. "ಸೆಕೆಂಡಿನ ಡೇಟಾ ನಾನೂ ನೋಡ್ಲಿಲ್ಲ. ನೀನು ಸಿಟ್ಟಿನಲ್ಲಿ ಹೇಳಿದ್ದಕ್ಕೆ ನೋಡ್ಲಿಲ್ಲ ಅನ್ಸುತ್ತೆ. ಅದನ್ನ ನೋಟಿಸ್‌ಗೆ ಉತ್ತರದಲ್ಲಿ ಬರ್ದಿದೀನಿ. ಅಂಟು ನಿನ್ನ ತಪ್ಪು. ಪರವಾಗಿಲ್ಲ, ಕಲಿಯೋರ ಕೈ ಇಂಥದ್ದು ಮಾಡುತ್ತೆ. ಪುಸ್ತಕದಲ್ಲಿ ತಿದ್ದು."

ತಿದ್ದಿದೆ. ಅವರೆದುರಿಗೇ.

ಎದ್ದು ಬಾಗಿಲ ಹತ್ತಿರ ಹೋದಾಗ ಕೇಳಿದರು, ಕಾಗದಗಳಿಂದ ತಲೆ ಎತ್ತದೆ. "ಗುರುವಾರ ಸಂಜೆ ಫೋನ್ ಮಾಡಿದ್ಯಲ್ಲ. ಆಗ ಗೊತ್ತಿತ್ತಾ ನಿನಗೆ?"

ನಾನು ನಿಂತೇ ಇದ್ದೆ. ಕೊನೆಗೆ ಅವರೇ, "ಹೋಗು" ಎಂದರು.

ಮಧ್ಯಾಹ್ನ 12.30

ಎರಡನೆಯ ಕರಪತ್ರ ಬರೆಯುತ್ತಿದ್ದೇನೆ. ಸೋಮವಾರ ಅದೇ ಗೇಟಿನಲ್ಲಿ, ಅದೇ ಇನ್ನೂರು ಪ್ರತಿ, ಈ ಸಲ ಹೆಸರು ಹಾಕಿ. ಸೂಜಿಯಣ್ಣ ಇಣುಕಿ ನೋಡಿದರು. "ತಲೆಬರಹ ಇಲ್ವಾ?" ಇಲ್ಲ ಎಂದೆ. "ಒಳ್ಳೇದು. ಉಸಿರು ಹಿಡಿದು ಬರಿ."

ಮೊದಲರ್ಧ ಸುಲಭವಾಗಿ ಬಂತು. ಪ್ರೊಫೆಸರ್ ಏನನ್ನೂ ಮುಚ್ಚಿಡಲಿಲ್ಲ. ತಿಳಿದೂ ಎಂದು ನಾನು ಬರೆದದ್ದು ಸುಳ್ಳು. ಸಡಿಲ ಬಿಡಬೇಕಾದ ಎಳೆಯನ್ನು ಅಂಟಿಸಿದವಳು ನಾನು. ಇಲ್ಲಿಯವರೆಗೆ ಒಂದು ಕಾಟೂ ಇಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಓದಿದವರು ನನ್ನನ್ನು ಮೆಚ್ಚಿಕೊಂಡಾರು.

ಮುಂದಿನ ಸಾಲನ್ನು ಆರು ಸಲ ಬರೆದು ಆರು ಸಲ ಹೊಡೆದು ಹಾಕಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಯಾರೂ ಓದದ ಕಡೆ.

ಗುರುವಾರ ಸಂಜೆ ಆರು ಹತ್ತಕ್ಕೆ ನಾನು ಮೇಡಂಗೆ ಫೋನ್ ಮಾಡಿದಾಗ, ಮರುದಿನ ಬೆಳಿಗ್ಗೆ ಭಾವ ಬೂಟು ಕಟ್ಟಿಕೊಳ್ಳುತ್ತಿದ್ದಾಗ, ನನಗೆ